ಹಾವಾಡಿಗರ ಹುಡುಗಿ ಹಾವು ಹುಡುಕಲು ಹೋದದ್ದು

ಆಗ ನಾನು ಅಮೆರಿಕದ ಫ್ರೀಮಾಂಟಿನಲ್ಲಿ ಇನ್ನೊಬ್ಬ ಕನ್ನಡದ ಹುಡುಗಿಯ ಜೊತೆ ಒಂದು ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದೆ. ಇಬ್ಬರಿಗೂ ಕೊಲ್ಲಿಯ ಸೇತುವೆಯಾಚೆಗಿನ ಒಂದೇ ಕಂಪನಿಯಲ್ಲಿ ಕೆಲಸ. ಅವಳು ಕೋಡ್ ಬರೆಯುತ್ತಿದ್ದಳು, ನಾನು ಅದರಲ್ಲಿ ತಪ್ಪು ಹುಡುಕುತ್ತಿದ್ದೆ. ಎಲ್ಲರಿಗೂ ಡಾಟ್‌ಕಾಮ್ ಹುಚ್ಚು ಹಿಡಿದಿದ್ದ ಕಾಲ. ನಮ್ಮ ಕಂಪನಿ ಇನ್ನೂ ಏನನ್ನೂ ಮಾರಿರಲಿಲ್ಲ. ಆದರೂ ಫ್ರಿಜ್ಜಿನ ತುಂಬ ಪುಕ್ಕಟೆ ಜ್ಯೂಸು, ಶುಕ್ರವಾರ ಪಿಜ್ಜಾ, ಶೇರು ಮಾರುಕಟ್ಟೆಗೆ ಹೋಗುವ ದಿನ ಬಂದೇಬಿಟ್ಟಿತು ಎಂಬ ಮಾತು. ನಿಮ್ಮ ಕಂಪನಿ ಏನು ಮಾಡುತ್ತದೆ ಎಂದು ಅಪ್ಪ ಫೋನಿನಲ್ಲಿ ಕೇಳಿದರೆ ನಾನು ತಡವರಿಸುತ್ತಿದ್ದೆ. ಕೊನೆಗೆ ಅವನೇ ಕೇಳುವುದನ್ನು ಬಿಟ್ಟ.

ಗೆಳತಿ ಮಂಡ್ಯ ಪೇಟೆಯವಳು, ಲಾಯರ ಮಗಳು. ನಾನೂ ಆ ಕಡೆಯವಳೇ ಎಂದು ತಿಳಿದು ಬಹಳ ಖುಷಿಪಟ್ಟಿದ್ದಳು. ಮೊದಲ ವಾರದಲ್ಲೇ, ಸಾರಿಗೆ ಒಗ್ಗರಣೆ ಹಾಕುತ್ತ, "ಅಪ್ಪ ಏನ್ ಮಾಡ್ತಾರೆ?" ಎಂದು ಕೇಳಿದಳು.

"ಸ್ವಲ್ಪ ಜಮೀನಿದೆ" ಎಂದೆ.

"ಓ, ರೈತರು" ಎಂದಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಜಮೀನು ಇದ್ದದ್ದು ನಿಜ. ಸರ್ಕಾರ ಕೊಟ್ಟ ಕಲ್ಲುಭೂಮಿ, ಹುರುಳಿ ಬಿಟ್ಟರೆ ಏನೂ ಬೆಳೆಯುತ್ತಿರಲಿಲ್ಲ.

ನಾವು ಹಾವಾಡಿಗರು. ಅಪ್ಪ ಅಡ್ಡೆಯ ಎರಡೂ ತುದಿಗೆ ಬುಟ್ಟಿ ತೂಗಿಸಿಕೊಂಡು ಸಂತೆಯಿಂದ ಸಂತೆಗೆ, ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದ. ಅವ್ವ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಹಾಗಾಗಿ ಅವನ ಹಿಂದೆ ನಾನು. ಅವನು ಪುಂಗಿ ಊದುವಾಗ ಜನರನ್ನು ಸುತ್ತ ನಿಲ್ಲಿಸುವುದು, ಆಟ ಮುಗಿದಾಗ ತಟ್ಟೆ ಹಿಡಿದು ಬರುವುದು ನನ್ನ ಕೆಲಸ. ಬುಟ್ಟಿಯನ್ನು ಮಾತ್ರ ನಾನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ. ಒಮ್ಮೆ ಮುಚ್ಚಳ ಸರಿಸಲು ಹೋಗಿ ಬಾಸುಂಡೆ ಬರುವಂತೆ ಹೊಡೆಸಿಕೊಂಡಿದ್ದೆ. ನಾನು ದೊಡ್ಡವಳಾಗುವ ಮೊದಲೇ ಅವನು ನನ್ನನ್ನು ಸರ್ಕಾರಿ ಹಾಸ್ಟೆಲಿಗೆ ಸೇರಿಸಿದ. ಅಲ್ಲಿ ಹುಡುಗಿಯರಿಗೆ ಹೇಗೋ ತಿಳಿದುಹೋಯಿತು. ನನ್ನ ಹೆಸರು ಬಿಟ್ಟು ಬುಟ್ಟಿ ಎಂದು ಕರೆಯುತ್ತಿದ್ದರು. ನನ್ನ ಪಕ್ಕ ಯಾರೂ ಚಾಪೆ ಹಾಸುತ್ತಿರಲಿಲ್ಲ. ನಾನು ಮಲಗಿದ ಮೇಲೆ ನನ್ನ ಟ್ರಂಕಿಗೆ ಕಿವಿಯಿಟ್ಟು ಬುಸುಗುಟ್ಟುತ್ತದೆಯೇ ಎಂದು ಕೇಳುತ್ತಿದ್ದರು. ಅಲ್ಲಿಂದ ಮುಂದೆ ಕಾಲೇಜು, ಎಂ.ಸಿ.ಎ., ಬೆಂಗಳೂರು, ಅಮೆರಿಕ, ಎಲ್ಲಿ ಹೋದರೂ ನಾನು ಹಾವಿನ ಮಾತೆತ್ತಿದವಳಲ್ಲ.

ನಮ್ಮ ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವವರೊಬ್ಬರಿದ್ದರು. ಅಮೆರಿಕದವರು, ಐವತ್ತು ದಾಟಿತ್ತು, ಕಂಪನಿಯಲ್ಲಿ ಎಲ್ಲರಿಗಿಂತ ಹಿರಿಯರು. ನಾವಿಬ್ಬರೂ ಮನೆಯಲ್ಲಿ ಅವರನ್ನು ಡೇಟಾಬೇಸಿನವರು ಎಂದೇ ಕರೆಯುತ್ತಿದ್ದೆವು. ಉಳಿದವರು ಊಟದ ಹೊತ್ತಿನಲ್ಲಿ ಶೇರಿನ ಮಾತಾಡಿದರೆ ಇವರು ಹಲ್ಲಿಯ ಮಾತಾಡುತ್ತಿದ್ದರು. ಅವರ ಮೇಜಿನ ಮೇಲೆ ಗಾಜಿನ ಜಾಡಿಯೊಳಗೆ ಹಾವಿನ ಪೊರೆಯೊಂದಿತ್ತು. ನಾನು ಆ ಕಡೆ ಹೋಗಬೇಕಾದರೆ ಪ್ರಿಂಟರಿನ ಪಕ್ಕದ ದಾರಿಯಿಂದ ಸುತ್ತಿಕೊಂಡು ಹೋಗುತ್ತಿದ್ದೆ.

ಲಿವರ್ಮೋರ್ ಊರು ದಾಟಿದ ಮೇಲೆ, ಗಾಳಿಯಂತ್ರಗಳಿರುವ ಗುಡ್ಡಗಳ ಕೆಳಗೆ ಅವರ ಸ್ನೇಹಿತರೊಬ್ಬರ ದನದ ಹುಲ್ಲುಗಾವಲು ಇತ್ತು. ಕಣ್ಣು ಹಾಯುವವರೆಗೂ ಹುಲ್ಲು, ಅಲ್ಲೊಂದು ಇಲ್ಲೊಂದು ಓಕ್ ಮರ. ಆ ಹುಲ್ಲಿನಲ್ಲಿ ಅವರು ತಗಡಿನ ಶೀಟುಗಳನ್ನೂ ಹಲಗೆಗಳನ್ನೂ ಹಾಸಿಟ್ಟಿದ್ದರು. ಬಿಸಿಲಿಗೆ ತಗಡು ಕಾಯುತ್ತದೆ, ಅದರಡಿಯ ಬೆಚ್ಚಗಿನ ಜಾಗಕ್ಕೆ ಹಾವು, ಹಲ್ಲಿ ಬಂದು ಸೇರುತ್ತವೆ, ಶನಿವಾರ ಹೋಗಿ ಒಂದೊಂದನ್ನೇ ಎತ್ತಿ ನೋಡುವುದು, ನೋಡಿ ಮತ್ತೆ ಬಿಡುವುದು. ಇಷ್ಟೇ ಅವರ ಹವ್ಯಾಸ. ಮಳೆ ನಿಂತು ಗುಡ್ಡಗಳು ಹಸಿರಾದಾಗ ಟೀಮಿನವರನ್ನೆಲ್ಲ ಕರೆದರು. ಗೆಳತಿ ಕುಣಿದುಬಿಟ್ಟಳು.

"ಬಾರೇ. ವೀಕೆಂಡ್ ಪೂರ್ತಿ ಲಾಂಡ್ರಿ ಮಾಡ್ಕೊಂಡು ಕೂತಿರ್ತೀಯಾ?"

"ನಂಗೆ ಹಾವು ಅಂದ್ರೆ ಆಗಲ್ಲ."

"ನಂಗೂ ಆಗಲ್ಲ. ಅದಕ್ಕೇ ಮಜಾ."

ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ಆದರೆ ಸುಮ್ಮನೆ, ಯಾರೂ ತಟ್ಟೆಗೆ ಏನೂ ಹಾಕದೆ, ಪೆಟ್ರೋಲು ಸುಟ್ಟುಕೊಂಡು ಹೋಗಿ ಹಾವು ಹುಡುಕುವ ಜನ ಹೇಗಿರುತ್ತಾರೆ ಎಂದು ನೋಡುವ ಆಸೆ ನನ್ನೊಳಗೆ ಇತ್ತು. ಹೊರಟೆ.

ಮೊದಲರ್ಧ ಗಂಟೆ ಚೆನ್ನಾಗಿಯೇ ಇತ್ತು. ಬೇಲಿಗಂಬದ ಮೇಲೊಂದು ಓತಿಕ್ಯಾತದಂಥ ಹಲ್ಲಿ ಕೂತು ಮೈಯನ್ನು ಮೇಲೆ ಕೆಳಗೆ ಮಾಡುತ್ತಿತ್ತು. ಡೇಟಾಬೇಸಿನವರು ಅದನ್ನು ಹಿಡಿದು ಮಗುಚಿ ತೋರಿಸಿದರು. ಹೊಟ್ಟೆಯ ಎರಡೂ ಬದಿ ನವಿಲುಕತ್ತಿನ ನೀಲಿ. ಎಲ್ಲರೂ ಫೋಟೊ ತೆಗೆದರು. ಆಮೇಲೆ ಗೇಟು ದಾಟಿ ಏರು ಹತ್ತುವಾಗ ಗೆಳತಿ ಅವರ ಪಕ್ಕದಲ್ಲಿ ನಡೆಯುತ್ತ ಇಂಗ್ಲಿಷಿನಲ್ಲಿ ತನ್ನ ಬಾಲ್ಯದ ಕಥೆ ಶುರುಮಾಡಿದಳು. ನಾನು ಅವರ ಹಿಂದೆಯೇ ಇದ್ದೆ.

"ನಾವು ಚಿಕ್ಕವರಿದ್ದಾಗ ಹಾವಾಡಿಗರು ಮನೆ ಬಾಗಿಲಿಗೇ ಬರುತ್ತಿದ್ದರು. ಬುಟ್ಟಿ ತೆರೆದು ನಾಗರಹಾವು ತೋರಿಸುವುದು, ಹಳೆಯ ಸೀರೆ ಕೇಳುವುದು. ಅಮ್ಮ ಅಕ್ಕಿ ಕೊಟ್ಟು ಕಳಿಸುತ್ತಿದ್ದರು. ಅವರು ಹೋದ ಮೇಲೆ ಹೊಸ್ತಿಲಿಗೆ ಒಂದು ಚೊಂಬು ನೀರು ಹಾಕುತ್ತಿದ್ದರು."

"ನೀರು ಯಾಕೆ?" ಎಂದು ಅವರು ಕೇಳಿದರು.

ಅವಳು ಸ್ವಲ್ಪ ಯೋಚಿಸಿ, "ತೊಳೆಯುವುದಕ್ಕೆ" ಎಂದಳು. ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೆ. ಆ ನೀರು ಹಾಕುವ ಸದ್ದು ನನಗೂ ಗೊತ್ತಿತ್ತು. ನಾನದನ್ನು ಕೇಳುತ್ತಿದ್ದುದು ಬೀದಿಯ ಕಡೆಯಿಂದ.

ಅವರು ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದರು. "ನೀನೂ ನೋಡಿದ್ದೀಯಾ ಅವರನ್ನು?"

"ಒಂದೆರಡು ಸಲ" ಎಂದೆ. ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿದೆ.

ಗುಡ್ಡದ ನೆತ್ತಿಯ ಹತ್ತಿರ, ದನ ನೀರು ಕುಡಿಯುವ, ಈಗ ಒಣಗಿದ ತೊಟ್ಟಿಯ ಪಕ್ಕದಲ್ಲಿ ಒಂದು ದೊಡ್ಡ ತಗಡು ಇತ್ತು. ಅವರು ಉದ್ದನೆಯ ಕೊಕ್ಕೆಯಿಂದ ಅದರ ಅಂಚನ್ನೆತ್ತಿದರು. ಕೆಳಗೆ ದಪ್ಪ ಹಾವೊಂದು ಸುರುಳಿ ಸುತ್ತಿಕೊಂಡಿತ್ತು. ಮರುಕ್ಷಣ ಬಾಣಲೆಗೆ ಸಾಸಿವೆ ಬಿದ್ದಂಥ ಸದ್ದು. ಅದು ರ‍್ಯಾಟಲ್‌ಸ್ನೇಕ್, ಬಾಲದಲ್ಲಿ ಗಿಲಕಿ ಇರುವ ವಿಷದ ಹಾವು. ಅವರು "ಎಲ್ಲರೂ ನಿಧಾನ" ಎಂದರು, ಆದರೆ ಅವರ ಕಣ್ಣು ಹಾವಿನ ಮೇಲಿತ್ತು. ನನ್ನ ಕಣ್ಣು ಜನರ ಮೇಲಿತ್ತು. ಹಾವಿನ ಮುಂದೆ ಜನ ಏನು ಮಾಡುತ್ತಾರೆಂಬುದನ್ನು ನಾನು ಬುದ್ಧಿ ಬರುವ ಮೊದಲೇ ನೋಡಿದ್ದೆ. ಕ್ಯಾಮೆರಾ ಹಿಡಿದವನೊಬ್ಬ ಬಗ್ಗಿ ಮುಂದೆ ಬರುತ್ತಿದ್ದ. ಇನ್ನೊಬ್ಬ ಅಕ್ಕಪಕ್ಕ ನೋಡದೆ ಪಕ್ಕಕ್ಕೆ ಸರಿಯುತ್ತಿದ್ದ. ಅವನು ತಗಡಿನ ಅಂಚಿನಲ್ಲೇ ನಿಂತಿದ್ದ ಗೆಳತಿಗೆ ಢಿಕ್ಕಿ ಹೊಡೆದರೆ ಅವಳು ತಗಡಿನ ಮೇಲೆಯೇ ಬೀಳುತ್ತಾಳೆ. ನನ್ನ ಬಾಯಿಂದ ಮಾತು ಹೊರಟುಬಿಟ್ಟಿತು.

"ಹಿಂದಕ್ಕೆ, ಹಿಂದಕ್ಕೆ. ಎಲ್ಲಾ ಹಿಂದಕ್ ಬನ್ನಿ. ಮಕ್ಳು ಕೂತ್ಕಳಿ, ದೊಡ್ಡೋರು ನಿಂತ್ಕಳಿ. ಕೈ ಕಟ್ಟಬ್ಯಾಡಿ ಸಾಮಿ, ಕೈ ಬುಡಿ."

ಅದು ಮಾತಾಡುವ ದನಿಯಾಗಿರಲಿಲ್ಲ. ಸಂತೆಯ ಗದ್ದಲದ ಮೇಲೆ ಕೇಳುವಂತೆ ಎಳೆದು ಕೂಗುವ ದನಿ. ಭಾಷೆ ತಿಳಿಯದವರೂ ನಿಂತಲ್ಲೇ ನಿಂತರು. ನಾನು ತೋಳು ಚಾಚಿ ಕ್ಯಾಮೆರಾದವನನ್ನು ತಡೆದೆ, ಇನ್ನೊಬ್ಬನ ಬೆನ್ನಿಗೆ ಕೈಯಿಟ್ಟು ಪಕ್ಕಕ್ಕೆ ಸರಿಸಿದೆ. ಡೇಟಾಬೇಸಿನವರು ಮೆಲ್ಲಗೆ ತಗಡನ್ನು ಇಳಿಸಿದರು. ಸದ್ದು ನಿಂತಿತು. ಯಾರೋ ನಕ್ಕರು, ಯಾರೋ ಥ್ಯಾಂಕ್ಸ್ ಹೇಳಿದರು.

ಗೆಳತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಮಂಡ್ಯ ಕಡೆ ಬೆಳೆದ ಯಾರಿಗೂ ಆ ಕೂಗು ಹೊಸದಲ್ಲ. ಬೀದಿಯಲ್ಲಿ ಆಟ ಕಟ್ಟುವವರನ್ನು ಬಿಟ್ಟರೆ ಬೇರೆ ಯಾರೂ ಜನರಿಗೆ ಕೈ ಕಟ್ಟಬ್ಯಾಡಿ ಎನ್ನುವುದಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಬೇರೆಯವರೂ ಇದ್ದರು. ಅವಳು ಏನೂ ಕೇಳಲಿಲ್ಲ. ಮನೆಗೆ ಬಂದು ನಾನು ಶೂ ಬಿಚ್ಚುತ್ತಿದ್ದಾಗ ಎದುರಿಗೆ ನೆಲದ ಮೇಲೆ ಕೂತಳು.

"ನೀನು ಅಲ್ಲಿ ಏನಂದೆ?"

"ಹಿಂದೆ ಸರೀರಿ ಅಂದೆ."

"ಅದಲ್ಲ. ಹೇಗಂದೆ."

ನಾನು ಇನ್ನೊಂದು ಶೂವಿನ ಲೇಸ್ ಬಿಚ್ಚತೊಡಗಿದೆ. ಅವಳ ಮುಖದಲ್ಲಿ ಒಂದೊಂದೇ ಲೆಕ್ಕ ಕೂಡಿಬರುತ್ತಿರುವುದು ಕಾಣುತ್ತಿತ್ತು. ನಾನು ನನ್ನ ಮನೆಯ ಫೋಟೊ ಇಟ್ಟುಕೊಂಡಿಲ್ಲ. ನಮ್ಮೂರಿನ ಹೆಸರು ಕೇಳಿದರೆ ತಾಲ್ಲೂಕಿನ ಹೆಸರು ಹೇಳುತ್ತೇನೆ.

"ನಿಮ್ಮಪ್ಪ..." ಎಂದಳು.

"ಹ್ಞೂಂ" ಎಂದೆ.

ಅವಳ ಕಣ್ಣಲ್ಲಿ ನೀರು ಬಂತು. "ಬೆಳಿಗ್ಗೆ ನಾನು ಆ ನೀರಿನ ವಿಷಯ ಎಲ್ಲ ಹೇಳಿದ್ನಲ್ಲೇ. ನೀನು ಹಿಂದೇನೇ ಇದ್ದೆ."

"ನೀನ್ ಹೇಳಿದ್ದು ಇದ್ದದ್ದೇ."

"ಇದ್ರಲ್ಲಿ ನಾಚಿಕೆ ಪಡೋದೇನಿದೆ? ಇಷ್ಟು ಓದಿದೀಯ, ಇಲ್ಲಿಗೆ ಬಂದಿದೀಯ. ನಾನಾಗಿದ್ರೆ ಹೆಮ್ಮೆಯಿಂದ ಹೇಳ್ಕೋತಿದ್ದೆ."

ಅವಳು ನನ್ನ ಕೈ ಹಿಡಿದುಕೊಂಡಳು. ಆ ಕೈಯನ್ನು ಬಿಡಿಸಿಕೊಳ್ಳಬೇಕು ಎನಿಸುತ್ತಿತ್ತು. ಹಾಸ್ಟೆಲಿನ ಹುಡುಗಿಯರು ದೂರ ಮಲಗಿದಾಗ ಆಗುತ್ತಿದ್ದ ನಾಚಿಕೆಯೇ ಈಗಲೂ ಆಗುತ್ತಿತ್ತು. ಅವಳು ಹತ್ತಿರ ಕೂತಿದ್ದರೂ.

ಯಾರಿಗೂ ಹೇಳಬೇಡ ಎನ್ನುವುದಕ್ಕೆ ನನಗೆ ತೋಚಲಿಲ್ಲ. ಸೋಮವಾರ ಮಧ್ಯಾಹ್ನದೊಳಗೆ ಅವಳು ಹೇಳಿದ್ದಳು. ಕೆಟ್ಟ ಮನಸ್ಸಿನಿಂದಲ್ಲ, ನನಗೆ ಒಳ್ಳೆಯದಾಗಲಿ ಎಂದೇ. ಡೇಟಾಬೇಸಿನವರು ಚಹಾದ ಲೋಟ ಹಿಡಿದುಕೊಂಡು ನನ್ನ ಕ್ಯೂಬಿಕಲ್ಲಿಗೆ ಬಂದು, ಕೂರಬಹುದೇ ಎಂದು ಕೇಳಿ, ಕೂತರು. ಹಬ್ಬದ ದಿನದ ಮುಖ.

"ಯಾಕೆ ಹೇಳಲಿಲ್ಲ ನೀನು? ನಾನು ಇಷ್ಟು ವರ್ಷ ಪುಸ್ತಕ ನೋಡಿ ಕಲಿತೆ. ನಿನಗೆ ತಲೆತಲಾಂತರದಿಂದ ಬಂದಿದೆ."

"ನನಗೆ ಏನೂ ಗೊತ್ತಿಲ್ಲ" ಎಂದೆ.

ಅವರು ನಕ್ಕರು. ವಿನಯ ಎಂದುಕೊಂಡರು. ಎರಡು ವಾರದ ನಂತರ ಮತ್ತೆ ಹೋಗೋಣ, ಈ ಸಲ ನೀನೇ ಮುಂದೆ ನಡೆ ಎಂದರು. ಆಮೇಲೆ ದಿನಾಲೂ ಯಾರಾದರೂ ಬಂದು ಕೇಳುತ್ತಿದ್ದರು. ನಾಗರಹಾವಿಗೆ ಕಿವಿ ಕೇಳುತ್ತದೆಯೇ? ಹಲ್ಲು ಕೀಳುತ್ತೀರಾ? ನಿಮ್ಮಪ್ಪನಿಗೆ ಎಷ್ಟು ಸಲ ಕಚ್ಚಿದೆ? ನಾನು ಟೆಸ್ಟ್ ರನ್ ಆಗುತ್ತಿದೆ ಎಂದು ಸ್ಕ್ರೀನಿನ ಕಡೆ ತಿರುಗುತ್ತಿದ್ದೆ. ಪ್ರಶ್ನೆ ಕೇಳಿದವರಲ್ಲಿ ಒಬ್ಬರೂ ಕೀಳಾಗಿ ನೋಡಲಿಲ್ಲ. ಆದರೂ ಪ್ರತಿ ಸಲವೂ ತಟ್ಟೆ ಹಿಡಿದು ನಿಂತ ಹಾಗೇ ಆಗುತ್ತಿತ್ತು.

ಎರಡನೆಯ ಸಲ ಬಹಳ ಜನ ಬಂದರು. ಬೇರೆ ಟೀಮಿನವರು, ಅವರ ಗಂಡಂದಿರು, ಹೆಂಡತಿಯರು, ಸ್ಟ್ರಾಲರಿನಲ್ಲಿ ಒಂದು ಕೂಸು. ಬೇರೆ ಫ್ಲೋರಿನ ಕನ್ನಡದವನೊಬ್ಬ, ಬೆಂಗಳೂರಿನವನು, ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಹುಲ್ಲು ಆಗಲೇ ಹೊಂಬಣ್ಣಕ್ಕೆ ತಿರುಗಿತ್ತು, ಸಾಕ್ಸಿಗೆಲ್ಲ ಕಾಡು ಓಟ್ಸಿನ ಮುಳ್ಳು ಚುಚ್ಚುತ್ತಿತ್ತು. ಡೇಟಾಬೇಸಿನವರು ಕೊಕ್ಕೆಯನ್ನು ನನ್ನ ಕೈಗೆ ಕೊಟ್ಟರು. ನಾನು ಬೇಡವೆಂದೆ. ಎಲ್ಲರೂ "ಕಮಾನ್" ಎಂದರು.

ಮೊದಲೆರಡು ಹಲಗೆಯ ಕೆಳಗೆ ಇರುವೆ, ಇಲಿಯ ಗೂಡು. ಮೂರನೆಯದರ ಕೆಳಗೆ ಗೋಫರ್ ಹಾವು. ನಮ್ಮ ಕೇರೆಹಾವಿನ ಹಾಗೆ ವಿಷವಿಲ್ಲದ್ದು, ಉದ್ದ, ಹಳದಿ ಮೈಮೇಲೆ ಕಂದು ಚೌಕ. ಅವರು ಅದನ್ನು ಸಲೀಸಾಗಿ ಎತ್ತಿ, ತೋಳಿಗೆ ಸುತ್ತಿಕೊಳ್ಳಲು ಬಿಟ್ಟು, ನನ್ನ ಕಡೆ ಚಾಚಿದರು. "ಇದು ಏನೂ ಮಾಡುವುದಿಲ್ಲ. ನಿನಗೆ ಹೇಳಬೇಕೇ?"

ಎಲ್ಲರೂ ಸುತ್ತ ನಿಂತಿದ್ದರು. ಗೆಳತಿ ಕ್ಯಾಮೆರಾ ಹಿಡಿದು ನಗುತ್ತ ತಲೆಯಾಡಿಸಿದಳು. ನಾನು ಕೈ ಚಾಚಿದೆ.

ನನ್ನ ಜನ್ಮದಲ್ಲಿ ಹಾವು ಮುಟ್ಟಿದ್ದು ಅದೇ ಮೊದಲು. ತಣ್ಣಗಿರುತ್ತದೆ ಎಂದುಕೊಂಡಿದ್ದೆ, ಬೆಚ್ಚಗಿತ್ತು. ಚರ್ಮದ ಕೆಳಗೆ ಏನೋ ಸರಿದಾಡಿತು, ಅದು ನನ್ನ ಮಣಿಕಟ್ಟನ್ನು ಬಿಗಿಯಾಗಿ ಸುತ್ತಿ ತಲೆಯೆತ್ತಿತು. ಕೈ ಕೊಡವಿದೆ. ಬಿಡಲಿಲ್ಲ. ಇನ್ನೂ ಜೋರಾಗಿ ಕೊಡವಿದೆ. ಅದು ಹಾರಿ ಹೋಗಿ ಕಲ್ಲಿನ ಮೇಲೆ ಬಿತ್ತು. ಬಿದ್ದ ಸದ್ದು ಎಲ್ಲರಿಗೂ ಕೇಳಿತು. ಸ್ವಲ್ಪ ಹೊತ್ತು ಅಲ್ಲೇ ಬಾಯಿ ತೆರೆದುಕೊಂಡು ಇತ್ತು, ಆಮೇಲೆ ಒಂದು ಕಡೆಗೆ ಎಳೆದುಕೊಂಡು ಮುಳ್ಳುಗಿಡದ ಬುಡಕ್ಕೆ ಸೇರಿತು. ನಾನು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದೆ. ಹಾವು ಬಿಟ್ಟ ಕೆಟ್ಟ ವಾಸನೆ ಮೆತ್ತಿಕೊಂಡಿತ್ತು. ನಾನು ಅಳುತ್ತಿದ್ದೇನೆಂದು ಗೊತ್ತಾದದ್ದು ಕೂಸಿನ ತಾಯಿ ಟಿಶ್ಯೂ ಕೊಟ್ಟಾಗ.

"ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತ ಡೇಟಾಬೇಸಿನವರು ಮಂಡಿಯೂರಿ ಗಿಡದ ಕೆಳಗೆ ನೋಡತೊಡಗಿದರು. ಬೆಂಗಳೂರಿನವನು ಹೆಂಡತಿಗೆ ಕನ್ನಡದಲ್ಲಿ, ನನಗೂ ಕೇಳುವಂತೆ, "ರಕ್ತದಲ್ಲೇ ಬಂದಿರುತ್ತೆ ಅಂದ್ಕೊಂಡಿದ್ದೆ" ಎಂದ. ತಮಾಷೆಗೆ ಅಂದದ್ದು. ಅವನ ಹೆಂಡತಿ ಅವನ ತೋಳು ಚಿವುಟಿದಳು.

ಅಷ್ಟು ವರ್ಷ ನಾಚಿಕೊಂಡದ್ದು ಹಾವಾಡಿಗರ ಮಗಳಾಗಿ ಹುಟ್ಟಿದ್ದಕ್ಕೆ. ಈಗ ಹಾವಾಡಿಗರ ಮಗಳಾಗಿಯೂ ಒಂದು ಸಾಧು ಹಾವನ್ನು ಹಿಡಿಯಲು ಬಾರದ್ದಕ್ಕೆ ನಾಚಿಕೊಳ್ಳುತ್ತಿದ್ದೆ. ಅಷ್ಟು ಜನರ ನಡುವೆ, ಆ ಬಿಸಿಲಲ್ಲಿ, ನಾನು ಏನೆಂದು ನಿಂತಿರಬೇಕೋ ತಿಳಿಯಲಿಲ್ಲ. ಕಾರಿಗೆ ಹೋಗಿ ಕೂತೆ. ಅವರೆಲ್ಲ ಸ್ಯಾಂಡ್‌ವಿಚ್ ತಿಂದು ಬರುವವರೆಗೂ ಗಾಜು ಏರಿಸಿಕೊಂಡು ಕೂತೇ ಇದ್ದೆ.

ಶನಿವಾರ ಸಂಜೆ ಅಪ್ಪನಿಗೆ ಫೋನ್ ಮಾಡುವುದು ವಾಡಿಕೆ. ಅಲ್ಲಿ ಆಗ ಭಾನುವಾರ ಬೆಳಿಗ್ಗೆ. ಅವನು ಊರಿನ ಅಂಗಡಿಯ ಫೋನಿನ ಹತ್ತಿರ ಬಂದು ಕಾದಿರುತ್ತಿದ್ದ. ಆ ದಿನ ನನ್ನ ದನಿ ಕೇಳಿಯೇ, "ಯಾಕಮ್ಮಿ, ಜ್ವರ್ವಾ?" ಎಂದ. ಹೇಳಬಾರದು ಎಂದುಕೊಂಡಿದ್ದೆ. ಎಲ್ಲವನ್ನೂ ಹೇಳಿಬಿಟ್ಟೆ.

ಮೊದಲು ಕೇಳಿದ್ದು ಇಷ್ಟು. "ಬೀಳುಸ್ಬುಟ್ಟಾ? ಏಟಾಯ್ತಾ ಅದ್ಕೆ?"

"ಗೊತ್ತಿಲ್ಲ ಕಣಪ್ಪ. ಗಿಡದೊಳಕ್ಕೆ ಹೋಯ್ತು."

ಆಮೇಲೆ, "ಅವ್ರಿಗೆ ದುಡ್ ಕೊಟ್ಟಾರಾ, ಹುಡ್ಕೋಕೆ?"

"ಇಲ್ಲಪ್ಪ. ಸುಮ್ನೆ. ಖುಷಿಗೆ."

"ಸುಮ್ನೆಯಾ?" ಎಂದು ಅವನು ಅದನ್ನೇ ಇನ್ನೊಂದು ಸಲ ಕೇಳಿದ. ಆಮೇಲೆ ಅಂಗಡಿಯಲ್ಲಿ ಇದ್ದವರಿಗೆ ಕೇಳದಿರಲಿ ಎಂದು ದನಿ ತಗ್ಗಿಸಿದ. "ನೋಡು, ನಾನು ನಿಂಗೆ ಕಲಿಸ್ನಿಲ್ಲ. ಕಲೀಬಾರ್ದು ಅಂತ್ಲೇ ಕಲಿಸ್ನಿಲ್ಲ. ಊರಲ್ಲಿ ಎಲ್ರಿಗೂ ಮಗ್ಳು ಕಂಪ್ಯೂಟರ್ರು ಅಂತ ಯೋಳಿವ್ನಿ. ಅಲ್ಲಿಗೋಗೂ ಅದೇಯಾ ಅಂದ್ರೆ ನಾನು ಯಾವ್ ಮಕ ತಕಂಡ್ ತಿರುಗ್ಲಿ? ಇನ್ ಓಗ್‌ಬ್ಯಾಡ ಕನವ್ವ."

"ಹ್ಞೂಂ" ಎಂದೆ.

ಅವನಿಗೂ ನಾಚಿಕೆಯಿತ್ತು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಪುಂಗಿ ಊದುವಾಗ ಅವನ ಎದೆ ಉಬ್ಬಿರುತ್ತಿತ್ತು, ಜನರ ಮುಂದೆ ರಾಜನ ಹಾಗೆ ಕೈ ಬೀಸುತ್ತಿದ್ದ. ನಾಚಿಕೆ ತಟ್ಟೆ ಹಿಡಿದ ನನ್ನೊಬ್ಬಳದೇ ಎಂದುಕೊಂಡಿದ್ದೆ. ಫೋನ್ ಇಟ್ಟ ಮೇಲೆ ಸೋಫಾದ ಮೇಲೆ ಕೂತು ಗೆಳತಿ ಬಟ್ಟೆ ಮಡಿಸುವುದನ್ನು ನೋಡುತ್ತಿದ್ದೆ. ಅವಳು ತಲೆ ಎತ್ತದೆ "ಸಾರಿ ಕಣೇ" ಎಂದಳು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಬೇಸಿಗೆಯೆಲ್ಲ ನಾನು ಹುಲ್ಲುಗಾವಲಿನ ಕಡೆ ಹೋಗಲಿಲ್ಲ. ಡೇಟಾಬೇಸಿನವರು ಕರೆಯಲೂ ಇಲ್ಲ. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರದ ಹಾಗೆ ತಲೆಬಾಗಿಸಿ ಸರಿದುಹೋಗುತ್ತಿದ್ದರು. ಗೆಳತಿ ನನ್ನ ಮುಂದೆ ಮಾತನ್ನು ಅಳೆದು ಆಡಲು ಶುರುಮಾಡಿದಳು. ಮೊದಲೆಲ್ಲ ನನ್ನ ತಟ್ಟೆಯಿಂದ ಹಪ್ಪಳ ಕಿತ್ತುಕೊಂಡು ತಿನ್ನುತ್ತಿದ್ದವಳು ಈಗ ಕೇಳಿ ತೆಗೆದುಕೊಳ್ಳುತ್ತಿದ್ದಳು. ನನಗೆ ನೋವಾಗದಿರಲಿ ಎಂದೇ ಹಾಗೆ ಮಾಡುತ್ತಿದ್ದಳು, ಅದು ನನಗೆ ಗೊತ್ತಿತ್ತು. ವರ್ಷದ ಕೊನೆಗೆ ಅವಳು ಮದುವೆಯಾಗಿ ಗಂಡನಿದ್ದ ಓಕ್ಲ್ಯಾಂಡಿಗೆ ಹೋದಳು. ಮದುವೆ ಮಂಡ್ಯದಲ್ಲಿ ನಡೆಯಿತು. ಕರೆದಿದ್ದಳು, ನಾನು ರಜೆ ಸಿಗಲಿಲ್ಲ ಎಂದೆ.

ಅಷ್ಟು ಹೊತ್ತಿಗೆ ಶೇರಿನ ಗಾಳಿಯೂ ಇಳಿದಿತ್ತು. ಮರುವರ್ಷ, ಗುಡ್ಡಗಳು ಮತ್ತೆ ಹಸಿರಾಗುವ ವೇಳೆಗೆ, ನಮ್ಮ ಕಂಪನಿ ಮುಚ್ಚಿತು. ಒಂದು ಬೆಳಿಗ್ಗೆ ಎಲ್ಲರನ್ನೂ ಒಟ್ಟಿಗೆ ಕರೆದು ಹೇಳಿದರು. ಮಧ್ಯಾಹ್ನದೊಳಗೆ ಕುರ್ಚಿಗಳಿಗೆ ಬೆಲೆಯ ಚೀಟಿ ಅಂಟಿಸುವವರು ಬಂದಿದ್ದರು. ಪಾರ್ಕಿಂಗಿನಲ್ಲಿ ಡೇಟಾಬೇಸಿನವರು ತಮ್ಮ ಸಾಮಾನಿನ ಪೆಟ್ಟಿಗೆಯನ್ನು ಕಾರಿನ ಮೇಲಿಟ್ಟು ನನ್ನನ್ನು ಕಾಯುತ್ತಿದ್ದರು.

"ಶನಿವಾರ ನಾನು ಹೋಗುತ್ತಿದ್ದೇನೆ. ಬೇರೆ ಯಾರೂ ಇಲ್ಲ. ಬರಬೇಕೆಂದೇನಿಲ್ಲ" ಎಂದರು.

ಅಪ್ಪನಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಎದುರಿಗಿದ್ದದ್ದು ಖಾಲಿ ಮನೆ, ವೀಸಾದ ಚಿಂತೆ. ಹೋದೆ.

ಆ ದಿನ ಫ್ರೀವೇ ಬಿಕೋ ಎನ್ನುತ್ತಿತ್ತು. ಗುಡ್ಡದಲ್ಲಿ ಗಾಳಿ ಜೋರು, ಬಿಸಿಲು ಕಡಿಮೆ. ಒಂದು ತಗಡಿನಿಂದ ಇನ್ನೊಂದಕ್ಕೆ ನಡೆದೆವು, ಅವರು ಎತ್ತುವುದು, ನಾನು ದೂರ ನಿಂತು ನೋಡುವುದು. ಹಾವು ಒಂದೂ ಇರಲಿಲ್ಲ. ದನದ ತೊಟ್ಟಿಯ ಹತ್ತಿರ ಕೂತು ನೀರು ಕುಡಿಯುವಾಗ ನಾನೇ ಮಾತು ತೆಗೆದೆ. ನನಗೆ ಹಾವು ಹಿಡಿಯುವುದನ್ನು ಯಾರೂ ಕಲಿಸಿಲ್ಲ, ಕಲಿಯಬಾರದೆಂದೇ ಅಪ್ಪ ಹೊಡೆದು ದೂರವಿಟ್ಟಿದ್ದ, ನಾನು ಮಾಡುತ್ತಿದ್ದದ್ದು ಜನರನ್ನು ನಿಲ್ಲಿಸುವುದು, ತಟ್ಟೆ ಹಿಡಿಯುವುದು. ಇಷ್ಟು ಹೇಳುವಾಗ ಕಣ್ಣು ಹುಲ್ಲಿನ ಮೇಲಿತ್ತು, ಅವರ ಮುಖ ನೋಡಲಾಗಲಿಲ್ಲ.

ಅವರು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದರು. "ನೀನು ಮೊದಲ ದಿನವೇ ಹೇಳಿದ್ದೆ. ಏನೂ ಗೊತ್ತಿಲ್ಲ ಅಂತ. ನಾನು ಕೇಳಿಸಿಕೊಳ್ಳಲಿಲ್ಲ."

ನಾನು ಒಂದು ಹುಲ್ಲುಕಡ್ಡಿ ಕಿತ್ತು ಬೆರಳಿಗೆ ಸುತ್ತಿಕೊಂಡೆ.

"ಅಷ್ಟು ಜನರ ಮುಂದೆ ನಿನ್ನ ಕೈಗೆ ಅದನ್ನು ಕೊಟ್ಟೆ. ಆಟಕ್ಕೆ ನಿಲ್ಲಿಸಿದ ಹಾಗೆ. ಅದು ಗೊತ್ತಾದ ಮೇಲೆ ನಿನ್ನ ಹತ್ತಿರ ಬರಲು ಮುಖವಿರಲಿಲ್ಲ."

ಅವರ ಕಿವಿ ಕೆಂಪಾಗಿತ್ತು. ಗಾಳಿಗೂ ಇರಬಹುದು. ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ತಂದೆಯ ವಯಸ್ಸಿನವರು ನನ್ನೆದುರು ಹಾಗೆ ತಲೆತಗ್ಗಿಸಿ ಕೂರುವಂತಾಯಿತಲ್ಲ ಎಂದು ಅದಕ್ಕೂ ನಾಚಿಕೆಯೇ ಆಯಿತು.

"ಆ ಹಾವು ಬದುಕಿತೇ?" ಎಂದು ಕೇಳಿದೆ.

"ಗೊತ್ತಿಲ್ಲ. ಹುಡುಕಿದೆ, ಸಿಗಲಿಲ್ಲ" ಎಂದರು. ಬದುಕಿತು ಎಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವರ ಮೇಲೆ ಗೌರವ ಹುಟ್ಟಿದ್ದು ಆಗ.

ಇಳಿಯುವಾಗ ಒಂದು ಸಣ್ಣ ಹಲಗೆಯನ್ನು ನಾನೇ ಕಾಲ ಬೆರಳಿಂದ ಸರಿಸಿದೆ. ಕೆಳಗೆ ಹಾವುರಾಣಿಯೊಂದಿತ್ತು, ಹಾವಿನಂತೆ ನುಣುಪು ಮೈಯ ಹಲ್ಲಿ. ಬೆನ್ನುದ್ದಕ್ಕೂ ಕೆನೆಬಣ್ಣದ ಗೆರೆ, ಬಾಲ ಮಾತ್ರ ಕಣ್ಣು ಕೋರೈಸುವ ನೀಲಿ. ನಾವಿಬ್ಬರೂ ಮಂಡಿಯೂರಿ ನೋಡಿದೆವು. ಮುಟ್ಟು ಎಂದು ಅವರು ಹೇಳಲಿಲ್ಲ. ನಾನೂ ಮುಟ್ಟಲಿಲ್ಲ. ಅದು ಹುಲ್ಲಿನೊಳಗೆ ಹೋದ ಮೇಲೆ ಅವರು ಹಲಗೆಯನ್ನು ಮೊದಲಿದ್ದಂತೆಯೇ ಮುಚ್ಚಿದರು.

ಆ ಸಂಜೆ ಅಪ್ಪನಿಗೆ ಕೆಲಸ ಹೋದ ಸುದ್ದಿ ಹೇಳಬೇಕಿತ್ತು. ಅದನ್ನು ಹೇಳಿದೆ. ಅವನು ಬೇರೆ ಕೆಲಸ ಸಿಗುತ್ತದೆ, ಊಟ ಬಿಡಬೇಡ ಎಂದ. ಆಮೇಲೆ ಕೇಳಿದ.

"ಈವತ್ತೆಲ್ಲಾ ಏನ್ ಮಾಡ್ದೆ?"

ಸುಳ್ಳು ಹೇಳಲಾಗಲಿಲ್ಲ. "ಆ ಗುಡ್ಡಕ್ಕೆ ಹೋಗಿದ್ದೆ ಕಣಪ್ಪ."

ಬೈಯುತ್ತಾನೆ ಎಂದುಕೊಂಡೆ. ಅಂಗಡಿಯಲ್ಲಿ ಯಾರೋ ಬೀಡಿ ಕೇಳುತ್ತಿದ್ದದ್ದು ಕೇಳಿಸಿತು.

"ಸಿಕ್ತಾ?" ಎಂದ, ಪಿಸುದನಿಯಲ್ಲಿ.

"ಹಾವುರಾಣಿ ಒಂದು. ಬಾಲ ನೀಲಿ."

"ನೀಲಿಯಾ? ನಮ್ಮಲ್ಲಿ ಕೆಂಪು ಬಾಲದ್ದು ಕಂಡಿವ್ನಿ" ಎಂದ. ಇನ್ನೇನೋ ಕೇಳಲು ಹೊರಟವನು ನಿಲ್ಲಿಸಿ, ಯಾರೋ ಹತ್ತಿರ ಬಂದರೆಂದು ಕಾಣುತ್ತದೆ, ಅಂಗಡಿಯವರಿಗೆಲ್ಲ ಕೇಳುವಂತೆ ಗಟ್ಟಿ ದನಿಯಲ್ಲಿ, "ಆಯ್ತು ಕನವ್ವ, ಕಂಪ್ಯೂಟರ್ ಕೆಲ್ಸ ಬಿರ‍್ರನೆ ನೋಡ್ಕೊ" ಎಂದ. ಮುಂದಿನ ವಾರ ಇದೇ ಹೊತ್ತಿಗೆ ಮಾಡುತ್ತೇನೆಂದು ಹೇಳಿ ಫೋನಿಟ್ಟೆ.